ಮಿಕ್ಸಿ ಕೊಂಡ ಪ್ರಸಂಗ

ನಮ್ಮ ಮನೆಯ ಮಿಕ್ಸಿ ಪ್ರಾಣ ಬಿಟ್ಟದ್ದು ಕಳೆದ ಜೂನ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹತ್ತೂವರೆಗೆ. ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತೀರಿ ಎಂದು ಕೇಳಬೇಡಿ. ಕೊಂದವಳು ನಾನೇ.

ಹದಿನಾಲ್ಕು ವರ್ಷ ದುಡಿದ ಜೀವ ಅದು. ಬೆಳಗಾದರೆ ಅದರ ಸದ್ದಿಗೇ ನಮ್ಮ ಬೀದಿಯ ಅರ್ಧ ಜನ ಏಳುತ್ತಿದ್ದರು. ಆದರೆ ಆ ವಾರ ನನ್ನ ತಲೆ ನನ್ನ ಹತೋಟಿಯಲ್ಲಿರಲಿಲ್ಲ. ಮಗಳಿಗೆ ಮೈಸೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಹಾಸ್ಟೆಲ್ ಸಿಗಲಿಲ್ಲ. ಮೂವರು ಗೆಳತಿಯರ ಜೊತೆ ರೂಮು ಮಾಡಿಕೊಂಡು, ಕೈಯಾರೆ ಅಡುಗೆ ಮಾಡಿಕೊಂಡು ಓದುವುದೆಂದು ತೀರ್ಮಾನವಾಗಿತ್ತು. ಹದಿನೆಂಟು ವರ್ಷ ಒಂದು ಲೋಟ ಕಾಫಿ ಮಾಡಿಕೊಳ್ಳದ ಹುಡುಗಿ! ಅವಳು ಹಸಿದುಕೊಂಡು ಮಲಗುವಳೋ ಏನೋ ಎಂಬ ಹೆದರಿಕೆಗೆ ನಾನು ಕಂಡುಕೊಂಡ ಪರಿಹಾರವೆಂದರೆ ಪುಡಿಗಳು. ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ಎಲ್ಲವೂ ಆರು ತಿಂಗಳಿಗೆ ಆಗುವಷ್ಟು.

ನಮ್ಮದು ತಿಪಟೂರು. ಕೊಬ್ಬರಿಗೆ ಹೆಸರಾದ ಊರು. ನಮ್ಮವರು ಮಂಡಿಯಲ್ಲಿ ಲೆಕ್ಕ ಬರೆಯುವವರು, ಆದ್ದರಿಂದ ಮನೆಯಲ್ಲಿ ಬೇರೆ ಏನಿಲ್ಲದಿದ್ದರೂ ಕೊಬ್ಬರಿ ಇರುತ್ತದೆ. ಅಂದು ಒಣಗಿ ಕಲ್ಲಾದ ಒಂದು ಕೆ.ಜಿ. ಕೊಬ್ಬರಿಯನ್ನು ತುರಿಯುವ ತಾಳ್ಮೆಯಿಲ್ಲದೆ ದಪ್ಪ ದಪ್ಪ ಹೋಳು ಮಾಡಿ, ಚಟ್ನಿ ಜಾರಿಗೆ ಕತ್ತಿನವರೆಗೂ ತುಂಬಿ ತಿರುಗಿಸಿದೆ. ಎರಡು ಸುತ್ತು ತಿರುಗಿ ನಿಂತಿತು. ಕೆಳಗಿನ ಕೆಂಪು ಗುಂಡಿ ಹೊರಗೆ ಬಂದಿತ್ತು. ಒತ್ತಿದೆ, ತಿರುಗಿತು. ಮತ್ತೆ ನಿಂತಿತು. ಮತ್ತೆ ಒತ್ತಿದೆ. ನಾಲ್ಕನೆಯ ಸಲ ಒತ್ತಿದಾಗ ಅದು ಗುರ್ರೆಂದಿತು, ತಿರುಗಲಿಲ್ಲ. ಸುಟ್ಟ ವಾಸನೆ ಬಂತು, ತಳದಿಂದ ಸಣ್ಣಗೆ ಹೊಗೆ ಎದ್ದಿತು.

“ಏನೇ ಅದು ವಾಸನೆ? ಒಗ್ಗರಣೆ ಸೀದುಹೋಯ್ತಾ?” ಎಂದರು ಹಜಾರದಿಂದ ನಮ್ಮತ್ತೆ.

“ಮಿಕ್ಸಿ ಸೀದುಹೋಯ್ತು ಅತ್ತೆ” ಎಂದೆ.

ಇದು ಬರಿಯ ಚಟ್ನಿಯ ಪ್ರಶ್ನೆಯಾಗಿದ್ದರೆ ಬರೆಯುವ ಅಗತ್ಯವೇ ಇರಲಿಲ್ಲ. ನಮ್ಮತ್ತೆಗೆ ಎಂಬತ್ತು ದಾಟಿದೆ. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟು ಒಸಡಿಗೆ ಒತ್ತುತ್ತದೆಂದು ಲೋಟದ ನೀರಿನಲ್ಲೇ ಕಾಲ ಕಳೆಯುತ್ತಿದೆ. ಎರಡು ವರ್ಷದಿಂದ ಅವರ ಎರಡು ಹೊತ್ತಿನ ಊಟವೂ ಮಿಕ್ಸಿಯ ಮೂಲಕವೇ ಹಾದು ಹೋಗಬೇಕು. ಇತ್ತ ಮಗಳು ಹೊರಡಲು ಹದಿನೆಂಟು ದಿನ ಉಳಿದಿತ್ತು. ಕಾಲೇಜಿನ ಫೀಜು, ರೂಮಿನ ಅಡ್ವಾನ್ಸು, ಚಾಪೆ, ಕುಕ್ಕರು, ಗ್ಯಾಸಿನ ಒಲೆ ಎಂದು ಬೀರುವಿನ ಹಣವನ್ನೆಲ್ಲ ಲಕೋಟೆಗಳಲ್ಲಿ ಹಂಚಿಟ್ಟಾಗಿತ್ತು. ಹೆಸರು ಬರೆಯದ ಲಕೋಟೆ ಉಳಿದಿದ್ದುದು ಒಂದೇ. ಅದರಲ್ಲಿ ನಾಲ್ಕು ಸಾವಿರ ರೂಪಾಯಿ.

ಮನೆಯಲ್ಲಿ ಮಿಕ್ಸಿ ಕೆಟ್ಟ ಸುದ್ದಿ ಹರಡಿದರೆ ಸಾಕು, ಸಲಹೆಗಳು ತಾವಾಗಿಯೇ ಬಾಗಿಲಿಗೆ ಬರುತ್ತವೆ. ಪಕ್ಕದ ಮನೆಯಾಕೆ, “ಮಿಕ್ಸಿ ಯಾಕ್ರೀ? ಫುಡ್ ಪ್ರೊಸೆಸರ್ ತಗೊಂಡುಬಿಡಿ. ರುಬ್ಬುತ್ತೆ, ತುರಿಯುತ್ತೆ, ತರಕಾರಿ ಹೆಚ್ಚುತ್ತೆ, ಚಪಾತಿ ಹಿಟ್ಟನ್ನೂ ಕಲೆಸುತ್ತೆ” ಎಂದರು. “ನಿಮ್ಮದು ಹೇಗಿದೆ?” ಎಂದೆ. “ಚೆನ್ನಾಗಿದೆ, ಅಟ್ಟದ ಮೇಲಿದೆ” ಎಂದರು. ಕ್ಯಾರೆಟ್ ತುರಿಯಲು ಎರಡು ನಿಮಿಷವಾದರೆ, ಅದರ ಬಟ್ಟಲು, ಮುಚ್ಚಳ, ತಟ್ಟೆ, ಬ್ಲೇಡುಗಳನ್ನು ತೊಳೆದು ಒರೆಸಿಡಲು ಹತ್ತು ನಿಮಿಷ ಬೇಕಂತೆ. ದಿನಾ ಹತ್ತು ಜನಕ್ಕೆ ಚಪಾತಿ ಮಾಡುವ ಮನೆಗೆ, ಕೈಬೆರಳು ನೋಯುವವರಿಗೆ ಅದು ನಿಜಕ್ಕೂ ಉಪಕಾರಿಯೇ. ನಮ್ಮದು ಮುದ್ದೆಯ ಮನೆ. ಚಪಾತಿ ವಾರಕ್ಕೊಮ್ಮೆ ಬಂದು ಹೋಗುವ ಅತಿಥಿ.

ನಮ್ಮವರು, “ತಗೊಳ್ಳೋದಾದ್ರೆ ಸಾವಿರ ವ್ಯಾಟಿಂದೇ ತಗೊಳ್ಳೋಣ” ಎಂದರು. ಎತ್ತು ಕೊಳ್ಳುವಾಗ ದಪ್ಪ ನೋಡಿ ಕೊಳ್ಳುವ ವಂಶದವರು. ಮಗಳು ಮೊಬೈಲಿನಲ್ಲಿ ಒಂದು ಚೆಂದದ ಪುಟ್ಟ ಬ್ಲೆಂಡರ್ ತೋರಿಸಿದಳು. ಲೋಟವನ್ನೇ ತಲೆಕೆಳಗೆ ಮಾಡಿ ಇಟ್ಟಂತಿತ್ತು. “ಅಮ್ಮಾ, ರೂಮಿಗೆ ಇದೇ ಸಾಕು” ಎಂದಳು. ಹಣ್ಣಿನ ರಸಕ್ಕೆ ಅದು ಸಾಕು. ನೆನೆದ ಅಕ್ಕಿ, ಉದ್ದಿನಬೇಳೆಗೆ?

ಬ್ಲೆಂಡರ್ ಎಂದೊಡನೆ ನಮ್ಮ ಮನೆಯಲ್ಲಿ ಎಲ್ಲರೂ ಒಮ್ಮೆ ಮೇಲೆ ನೋಡುತ್ತೇವೆ. ಅಡುಗೆಮನೆಯ ತಾರಸಿಯಲ್ಲಿ ಅದರ ಒಂದು ಕಲೆ ಇನ್ನೂ ಇದೆ. 2009ರಲ್ಲಿ ನನ್ನ ಮೈದುನ ಅಮೆರಿಕದಿಂದ ಬರುವಾಗ ಗಾಜಿನ ಜಾರಿನ ದೊಡ್ಡ ಬ್ಲೆಂಡರ್ ತಂದುಕೊಟ್ಟ. ಅಲ್ಲಿನ ಮನೆಗಳ ಕರೆಂಟು 120 ವೋಲ್ಟ್, ನಮ್ಮದು 230. ಅದು ಅವನಿಗೆ ಮರೆತಿತ್ತು, ನಮಗೆ ಗೊತ್ತೇ ಇರಲಿಲ್ಲ. ಪಿನ್ನು ಬದಲಿಸಿ, ಮಜ್ಜಿಗೆ ಹಾಕಿ ಗುಂಡಿ ಒತ್ತಿದೆವು. ಕಣ್ಣುಮಿಟುಕಿಸುವಷ್ಟರಲ್ಲಿ ಮಜ್ಜಿಗೆ ತಾರಸಿಗೆ ಹೋಯಿತು, ಬ್ಲೆಂಡರ್ ಕೈಲಾಸಕ್ಕೆ ಹೋಯಿತು. ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಸಿಗುತ್ತದೆಂದು ಆಮೇಲೆ ತಿಳಿಯಿತು. ಅದು ಬ್ಲೆಂಡರಿಗಿಂತ ಭಾರ. ಗಾಜಿನ ಜಾರು ಮಾತ್ರ ಉಳಿದಿದೆ, ಅದರಲ್ಲಿ ಮೆಂತ್ಯ ಹಾಕಿಟ್ಟಿದ್ದೇನೆ. ಹೊರದೇಶದಲ್ಲಿ ಮಕ್ಕಳಿರುವವರು ಇದನ್ನು ನೆನಪಿಟ್ಟುಕೊಳ್ಳಿ.

ವೋಲ್ಟೇಜು ಸರಿಯಿದ್ದಿದ್ದರೂ ಅದು ನಮ್ಮ ಅಡುಗೆಗೆ ಹೆಚ್ಚು ದಿನ ಬಾಳುತ್ತಿರಲಿಲ್ಲವೇನೋ. ಅಂಥ ಯಂತ್ರಗಳು ಹಣ್ಣು, ಹಾಲು, ಬೆಂದ ತರಕಾರಿಗೆಂದು ಹುಟ್ಟಿದವು. ಒಣಮೆಣಸಿನಕಾಯಿ, ಅರಿಶಿನ, ಕಾಯಿ, ನೆನೆದ ಬೇಳೆ ಇವು ಬೇರೆಯೇ ಜಾತಿ. ನಮ್ಮ ದೇಶದ ಮಿಕ್ಸಿಯ ಕಥೆ ಶುರುವಾದದ್ದೇ ಹೀಗೆ ಒಂದು ಯಂತ್ರ ಕೆಟ್ಟದ್ದರಿಂದ. 1960ರ ದಶಕದಲ್ಲಿ ಸತ್ಯಪ್ರಕಾಶ್ ಮಾಥುರ್ ಎಂಬ ಇಂಜಿನಿಯರರ ಮನೆಯಲ್ಲಿ ಅವರ ಪತ್ನಿ ಮಾಧುರಿಯವರ ಜರ್ಮನಿಯ ಬ್ಲೆಂಡರ್ ಕೆಟ್ಟು ಕೂತಿತಂತೆ. ಅದಕ್ಕೆ ಬೇಕಾದ ಬಿಡಿಭಾಗ ಇಲ್ಲಿ ಸಿಗಲಿಲ್ಲ. ನಮ್ಮ ಮಸಾಲೆಯ ಹೊಡೆತವನ್ನು ತಾಳುವ ಬಲವಾದ ಮೋಟಾರಿನ ಯಂತ್ರವೊಂದನ್ನು ತಾವೇ ಮಾಡಲು ಅವರು ಹೊರಟರು. ಅದೇ ಮುಂದೆ ‘ಸುಮೀತ್’ ಆಯಿತು. 1980ರ ದಶಕದಲ್ಲಿ ನನ್ನ ತವರಿನಲ್ಲಿ ಯಾರೂ ಮಿಕ್ಸಿ ಎನ್ನುತ್ತಲೇ ಇರಲಿಲ್ಲ. “ಅವರ ಮನೆಗೆ ಸುಮೀತ್ ಬಂತಂತೆ” ಎನ್ನುತ್ತಿದ್ದರು. ಅಲ್ಲಿಯವರೆಗೆ ಒರಳುಕಲ್ಲಿನ ಮುಂದೆ ಕೂತು ಎಷ್ಟು ಹೆಂಗಸರ ಹೆಗಲು ಸವೆದವೋ ಲೆಕ್ಕ ಇಟ್ಟವರಾರು?

ಶುಕ್ರವಾರ ಮಿಕ್ಸಿಯನ್ನು ಚೀಲದಲ್ಲಿ ಹಾಕಿಕೊಂಡು ಮಗಳೊಡನೆ ರಿಪೇರಿ ಅಂಗಡಿಗೆ ಹೋದೆ. ಮೂವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿರುವ ಹಿರಿಯರು. ನಾಲ್ಕು ಸ್ಕ್ರೂ ಬಿಚ್ಚಿ ಒಳಗೆ ಟಾರ್ಚು ಬಿಟ್ಟರು. ಬೆಳ್ಳಗೆ ಮಿರುಗಬೇಕಾದ ಜಾಗವೆಲ್ಲ ಕಪ್ಪಾಗಿತ್ತು.

“ಕಾರ್ಬನ್ ಬ್ರಷ್ ಸವೆದಿದ್ರೆ ನೂರಿನ್ನೂರರಲ್ಲಿ ಮುಗಿಸಿಬಿಡ್ತಿದ್ದೆ ಅಕ್ಕಾ. ಇದು ಆರ್ಮೇಚರ್ರೂ ಹೋಗಿದೆ, ಫೀಲ್ಡ್ ಕಾಯಿಲೂ ಹೋಗಿದೆ. ಎರಡೂ ಹಾಕಿಸಿದ್ರೆ ಹೊಸದರ ಅರ್ಧ ದುಡ್ಡು ಆಗುತ್ತೆ. ಹಾಕಿಸಿ ಅಂತ ನಾನು ಹೇಳಲ್ಲ” ಎಂದರು. ಆಮೇಲೆ ನನ್ನ ಮುಖ ನೋಡಿ, “ಕೆಂಪು ಗುಂಡಿ ಎಷ್ಟು ಸಲ ಒತ್ತಿದ್ರಿ?” ಎಂದು ಕೇಳಿದರು. ಡಾಕ್ಟರ ಮುಂದೆ ಸುಳ್ಳು ಹೇಳಬಾರದು. “ನಾಲ್ಕು” ಎಂದೆ.

“ಅದು ಸ್ವಿಚ್ಚಲ್ಲ ಅಕ್ಕಾ. ಅದು ಮೋಟಾರು ಕೈಮುಗಿಯೋದು. ಸಾಕು, ಸ್ವಲ್ಪ ಬಿಡಿ ಅಂತ.”

ಮಿಕ್ಸಿಯನ್ನು ಬೋರಲು ಹಾಕಿ ತಳದ ಚೀಟಿ ತೋರಿಸಿದರು. ಐದು ನಿಮಿಷ ಓಡಿಸಿ ಎರಡು ನಿಮಿಷ ನಿಲ್ಲಿಸಿ ಎಂದು ಅಲ್ಲಿ ಬರೆದಿತ್ತು. ಹದಿನಾಲ್ಕು ವರ್ಷ ದಿನವೂ ಒರೆಸಿದ ಯಂತ್ರದ ತಳವನ್ನು ನಾನು ಒಮ್ಮೆಯೂ ಓದಿರಲಿಲ್ಲ. ಮಗಳು ಬಗ್ಗಿ ಓದುತ್ತಿದ್ದವಳು, “ಅಮ್ಮಾ, ಇದು ನಮ್ಮ ಫಿಸಿಕ್ಸಿನಲ್ಲಿತ್ತು” ಎಂದಳು. ಮೋಟಾರು ತಿರುಗುವಾಗ ಕರೆಂಟಿಗೆ ಎದುರಾಗಿ ತಾನೂ ಒಂದು ವೋಲ್ಟೇಜನ್ನು ಹುಟ್ಟಿಸಿ ಕರೆಂಟನ್ನು ಹಿಡಿತದಲ್ಲಿಡುತ್ತದಂತೆ. ಕೊಬ್ಬರಿ ಸಿಕ್ಕಿಹಾಕಿಕೊಂಡು ಬ್ಲೇಡು ನಿಂತರೆ ಆ ತಡೆ ಇಲ್ಲವಾಗಿ ಕರೆಂಟು ಪ್ರವಾಹದಂತೆ ನುಗ್ಗುತ್ತದೆ, ತಂತಿ ಕಾಯುತ್ತದೆ. ನಾನು ಒತ್ತಿದ ಒಂದೊಂದು ಸಲವೂ ಕಾದ ತಂತಿಗೇ ಮತ್ತೆ ಬೆಂಕಿ ಇಟ್ಟಿದ್ದೆ. ಪರೀಕ್ಷೆಯ ಹಿಂದಿನ ರಾತ್ರಿ ಅವಳು ಇದನ್ನು ಗಟ್ಟಿಯಾಗಿ ಉರುಹೊಡೆದದ್ದು ನನಗೂ ನೆನಪಿದೆ. ಪಾಠಕ್ಕೂ ಮಿಕ್ಸಿಗೂ ನೆಂಟಸ್ತಿಕೆಯಿದೆಯೆಂದು ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಹೊಸದು ಕೊಳ್ಳುವಾಗ ಏನು ನೋಡಬೇಕೆಂದು ಕೇಳಿದೆ. ವ್ಯಾಪಾರವಿಲ್ಲದ ಹೊತ್ತು, ಆ ಹಿರಿಯರು ಅರ್ಧ ಗಂಟೆ ಪಾಠ ಮಾಡಿದರು. ನಿಮ್ಮ ಉಪಯೋಗಕ್ಕೂ ಬರಲೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ವ್ಯಾಟಿನ ಮೋಹ ಬೇಡ. ವ್ಯಾಟ್ ಎಂದರೆ ಯಂತ್ರ ಎಷ್ಟು ಕರೆಂಟು ತಿನ್ನುತ್ತದೆ ಎಂಬ ಲೆಕ್ಕವೇ ಹೊರತು, ಎಷ್ಟು ನುಣ್ಣಗೆ ರುಬ್ಬುತ್ತದೆ ಎಂಬ ಲೆಕ್ಕವಲ್ಲ. ನುಣುಪು ಬರುವುದು ಬ್ಲೇಡು, ಜಾರಿನ ಆಕಾರ, ನಾವು ಹಾಕುವ ಅಳತೆ ಇವುಗಳಿಂದ. ಮೂರು ನಾಲ್ಕು ಜನರ ಮನೆಗೆ 500 ವ್ಯಾಟ್ ಸಾಕು. ದಿನವೂ ದೋಸೆಹಿಟ್ಟು ರುಬ್ಬುವ, ಆರೇಳು ಜನರಿರುವ ಮನೆಗೆ 750 ಇರಲಿ.

ಎರಡನೆಯದು, ಮೋಟಾರಿಗಿಂತ ಮೊದಲು ಜಾರು ನೋಡಬೇಕು. ಜಾರನ್ನು ಕೈಗೆತ್ತಿಕೊಂಡು ತೂಕ ನೋಡಿ. ಹಿಡಿಕೆ ಅಲುಗಾಡಬಾರದು. ಮುಚ್ಚಳ ಬಿಗಿಯಾಗಿ ಕೂರಬೇಕು, ಆದರೆ ತೆಗೆಯಲು ಗಂಡಾಳು ಬೇಕಾಗಬಾರದು. ಬ್ಲೇಡನ್ನು ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಅತ್ತಿತ್ತ ಆಡಬಾರದು. ಆಡಿದರೆ ಒಳಗಿನ ಬುಷ್ ಸಡಿಲವೆಂದೂ ಮುಂದೆ ನೀರು ಸೋರಿ ಮೋಟಾರಿಗೆ ಇಳಿಯುವುದೆಂದೂ ಅರ್ಥ. ಐದು ಜಾರು ಕೊಡುತ್ತೇವೆಂದರೆ ಮರುಳಾಗಬಾರದು. ದೊಡ್ಡದೊಂದು, ನಡುವಿನದೊಂದು, ಚಟ್ನಿಗೊಂದು, ಮೂರೇ ಸಾಕು. ಅವುಗಳಲ್ಲೂ ದಿನಾ ದುಡಿಯುವುದು ಚಿಕ್ಕದೇ.

ಮೂರನೆಯದು, ಜಾರಿನ ಕೆಳಗಿನ ಕಪ್ಲರ್. ಮೋಟಾರು ತಿರುಗಿದ್ದನ್ನು ಬ್ಲೇಡಿಗೆ ದಾಟಿಸುವ ಹಲ್ಲಿನ ಚಕ್ರ ಅದು. ಭಾರ ಹೆಚ್ಚಾದರೆ ತಾನು ಮುರಿದು ಮೋಟಾರನ್ನು ಉಳಿಸುತ್ತದೆ. ಅದು ಬೇಗ ಸವೆಯುವ ವಸ್ತು, ಆದ್ದರಿಂದ ಊರಿನಲ್ಲೇ ಸಿಗುವಂಥದ್ದಾಗಿರಬೇಕು. “ಯಾವ ಕಂಪನಿ ಅಂತ ಆಮೇಲೆ ಕೇಳಿ ಅಕ್ಕಾ, ಅದರ ಸಾಮಾನು ಇಲ್ಲೇ ಸಿಗುತ್ತಾ ಅಂತ ಮೊದಲು ಕೇಳಿ. ಬೆಂಗಳೂರಿಗೆ ಕಳಿಸಬೇಕು ಅಂದ್ರೆ ಬೇಡ ಅನ್ನಿ.”

ಉಳಿದವು ಸಣ್ಣವು. ಐ.ಎಸ್.ಐ. ಗುರುತು ಇರಬೇಕು. ಅಂಗಡಿಯಲ್ಲಿ ಪೆಟ್ಟಿಗೆಯಿಂದ ತೆಗೆಸಿ, ಜಾರಿಗೆ ನೀರು ಹಾಕಿ ಓಡಿಸಿ ನೋಡಬೇಕು. ವಾರಂಟಿ ಮೋಟಾರಿಗೆ ಎಷ್ಟು ವರ್ಷ, ಉಳಿದದ್ದಕ್ಕೆ ಎಷ್ಟು ವರ್ಷ ಎಂದು ಬೇರೆ ಬೇರೆ ಕೇಳಬೇಕು. ಬಿಲ್ಲಿಗೆ ತಾರೀಖು, ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಹಾಕಿಸದೆ ಮೆಟ್ಟಿಲಿಳಿಯಬಾರದು. ಇಷ್ಟು ಹೇಳಿ ಅವರು ನಮ್ಮಿಂದ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಸತ್ತ ಮಿಕ್ಸಿಯೊಳಗಿನ ತಾಮ್ರಕ್ಕೆಂದು ಅವರೇ ನೂರೈವತ್ತು ಕೊಟ್ಟರು.

ಶನಿವಾರ ಅಂಗಡಿಗೆ ಹೋದೆವು, ನಾನು, ನಮ್ಮವರು, ಮಗಳು. ಅಂಗಡಿಯ ಹುಡುಗ 750 ವ್ಯಾಟಿನದನ್ನು ಮುಂದಿಟ್ಟು, ಬೆಲೆ ಮೂರು ಸಾವಿರದ ಏಳುನೂರು ಎಂದ. 500 ವ್ಯಾಟಿನದು ಎರಡು ಸಾವಿರದ ನಾಲ್ಕುನೂರೈವತ್ತು. ನಮ್ಮವರ ಕಣ್ಣು ದಪ್ಪದರ ಮೇಲೇ ಇತ್ತು. ನಾನು, “ಕರೆಂಟ್ ಬಿಲ್ಲು ಜಾಸ್ತಿ ಬರುತ್ತೆ, ಚಿಕ್ಕದೇ ಸಾಕು” ಎಂದೆ. ಮಗಳು ನಮ್ಮಿಬ್ಬರನ್ನೂ ನಿಲ್ಲಿಸಿದಳು.

“ಅಮ್ಮಾ, ಲೆಕ್ಕ ಮಾಡು. ದಿನಕ್ಕೆ ಹತ್ತು ನಿಮಿಷ ಓಡಿಸಿದ್ರೆ ತಿಂಗಳಿಗೆ ಐದು ಗಂಟೆ. 750 ವ್ಯಾಟಾದ್ರೆ ಮೂರೂ ಮುಕ್ಕಾಲು ಯೂನಿಟ್, 500 ಆದ್ರೆ ಎರಡೂವರೆ. ವ್ಯತ್ಯಾಸ ಒಂದೂಕಾಲು ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ತಿಂಗಳಿಗೆ ಏಳೂವರೆ ರೂಪಾಯಿ. ಕರೆಂಟಿನ ಮಾತು ಬಿಡು. ಅಪ್ಪಾ, ನಾನು ಹೋದಮೇಲೆ ಮನೇಲಿರೋದು ಮೂರೇ ಜನ. ಮೂರು ಜನಕ್ಕೆ 750 ಯಾಕೆ? ಆ ಸಾವಿರದ ಇನ್ನೂರೈವತ್ತು ಉಳಿಯಲಿ.”

“ನಾನು ಹೋದಮೇಲೆ” ಎಂದು ಅವಳು ಎಷ್ಟು ಸುಲಭವಾಗಿ ಅಂದಳು! ನಮ್ಮವರು ಮಾತಾಡದೆ ಜೇಬಿನಿಂದ ಲಕೋಟೆ ತೆಗೆದರು. ಜಾರನ್ನು ಅಲುಗಿಸಿ, ಬ್ಲೇಡನ್ನು ತಿರುಗಿಸಿ, ನೀರು ಹಾಕಿ ಓಡಿಸಿ, ಮೊಹರು ಹಾಕಿಸಿ, ಚಿಕ್ಕ ಮಿಕ್ಸಿಯೊಂದಿಗೆ ಮನೆಗೆ ಬಂದೆವು.

ಬಂದದ್ದೇ ತಡ, ಅತ್ತೆಗೆ ಹೊಸ ಮಿಕ್ಸಿಯ ಮೊದಲ ಊಟ ಆಗಲೆಂದು ಅನ್ನ ಸಾರು ಎರಡನ್ನೂ ಹಾಕಿ ತಿರುಗಿಸಿದೆ. ತಟ್ಟೆಗೆ ಸುರಿದದ್ದನ್ನು ಅವರು ಬೆರಳಿನಲ್ಲಿ ಎಳೆದು ನೋಡಿದರು. ಅಂಟಿನಂತೆ ಎಳೆ ಬಂತು.

“ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡ” ಎಂದರು. “ಎರಡು ವರ್ಷದಿಂದ ಪೋಸ್ಟರ್ ಅಂಟಿಸೋ ಗೋಂದು ತಿಂದ ಹಾಗೆ ತಿಂತಿದೀನಿ. ನಂಗೆ ಹೋಗಿರೋದು ಹಲ್ಲು, ನಾಲಿಗೆಯಲ್ಲ. ಈ ಎರಡು ದಿನ ಮಿಕ್ಸಿ ಇಲ್ಲ ಅಂತ ನೀನು ಮಸ್ಸೊಪ್ಪನ್ನ ಕಡಗೋಲಲ್ಲಿ ಮಸೆದು, ಅನ್ನವನ್ನ ಕೈಯಲ್ಲಿ ಮಿದ್ದು ಕೊಟ್ಟೆಯಲ್ಲ, ಅದು ಊಟ.”

ನನಗೆ ಮಾತು ಹೊರಡಲಿಲ್ಲ. ಬೆಂದ ಅನ್ನವನ್ನು ಬ್ಲೇಡಿಗೆ ಕೊಟ್ಟರೆ ಅದರ ಗಂಜಿಯೆಲ್ಲ ಬಿಟ್ಟುಕೊಂಡು ಅಂಟಾಗುತ್ತದೆ. ಅಡುಗೆ ಬಲ್ಲ ಯಾರಿಗಾದರೂ ಇದು ಗೊತ್ತಾಗಬೇಕು. ಎರಡು ವರ್ಷ ನಾನು ಅವರ ತಟ್ಟೆಯಿಂದ ಒಂದು ತುತ್ತನ್ನೂ ಬಾಯಿಗಿಟ್ಟು ನೋಡಿರಲಿಲ್ಲ. ಯಂತ್ರದ ತಳದಲ್ಲಿ ಬರೆದದ್ದನ್ನು ಓದದವಳು ಎದುರಿಗೆ ಕೂತವರ ಮುಖವನ್ನೂ ಓದಿರಲಿಲ್ಲ. ಈಗ ಅನ್ನಕ್ಕೆ ಕೈ, ಸೊಪ್ಪಿಗೆ ಕಡಗೋಲು. ಬೀನ್ಸು, ಗೋರಿಕಾಯಿಯಂಥ ನಾರಿನ ತರಕಾರಿಗೆ ಮಾತ್ರ ಮಿಕ್ಸಿ, ಅದೂ ಬಿಟ್ಟು ಬಿಟ್ಟು ಎರಡೇ ಸುತ್ತು. ಮೂರನ್ನೂ ತಟ್ಟೆಯಲ್ಲಿ ಬೇರೆ ಬೇರೆಯಾಗಿಯೇ ಬಡಿಸುತ್ತೇನೆ. ಎರಡು ವರ್ಷದ ಮೇಲೆ ಅತ್ತೆ ಮೊನ್ನೆ, “ಪಲ್ಯಕ್ಕೆ ಉಪ್ಪು ಕಮ್ಮಿ” ಎಂದು ಜಗಳಕ್ಕೆ ಬಂದರು. ಕಿವಿಗೆ ಹಿತವಾಯಿತು.

ಮಗಳ ರೂಮಿಗೆ ಮಿಕ್ಸಿ ಬೇಡವೇ ಎಂದಿರಾ? ಹುಡುಗಿಯರು ನಮಗಿಂತ ಜಾಣರು. ನಾಲ್ವರೂ ತಲಾ ಆರುನೂರು ಹಾಕಿ ಮೈಸೂರಿನಲ್ಲೇ ಒಂದು 500 ವ್ಯಾಟಿನ ಮಿಕ್ಸಿ ಕೊಂಡರು. ಓದು ಮುಗಿದ ಮೇಲೆ ಅದು ಯಾರಿಗೆ ಎಂಬ ಪ್ರಶ್ನೆಗೆ, ಯಾರಿಗೆ ಮೊದಲು ಕೆಲಸ ಸಿಗುತ್ತದೋ ಅವರು ಉಳಿದ ಮೂವರಿಗೆ ಊಟ ಹಾಕಿಸಿ ತೆಗೆದುಕೊಂಡು ಹೋಗುವುದೆಂದು ಕಾಗದದಲ್ಲಿ ಬರೆದು ನಾಲ್ವರೂ ಸಹಿ ಹಾಕಿದ್ದಾರಂತೆ.

ಹೋದ ಮೂರನೆಯ ವಾರ ಫೋನು ಬಂತು. “ಅಮ್ಮಾ, ಇವತ್ತು ದೋಸೆಗೆ ರುಬ್ಬುವಾಗ ಮಿಕ್ಸಿ ನಿಂತುಹೋಯ್ತು” ಎಂದಳು. ನನ್ನ ಎದೆ ಧಸಕ್ಕೆಂದಿತು.

“ಮತ್ತೆ? ಏನು ಮಾಡಿದೆ?”

“ಏನಿಲ್ಲ. ಪ್ಲಗ್ ತೆಗೆದೆ, ಅರ್ಧ ಹಿಟ್ಟು ಹೊರಗೆ ತೆಗೆದೆ, ಇಪ್ಪತ್ತು ನಿಮಿಷ ಸುಮ್ಮನೆ ಬಿಟ್ಟೆವು. ಆಮೇಲೆ ಕೆಂಪು ಗುಂಡಿ ಒತ್ತಿದೆ. ಓಡ್ತು. ದೋಸೆ ಚೆನ್ನಾಗಿತ್ತು.”

ನನ್ನ ಚಟ್ನಿಪುಡಿ ಹೇಗಿದೆ ಎಂದು ಕೇಳಿದೆ. ನಾಲ್ವರೂ ಸೇರಿ ಎರಡೇ ವಾರಕ್ಕೆ ಖಾಲಿ ಮಾಡಿದರಂತೆ. ಭಾನುವಾರ ನಮ್ಮವರು ಮಂಡಿಯಿಂದ ಮತ್ತೆ ಒಂದು ಕೆ.ಜಿ. ಕೊಬ್ಬರಿ ತಂದಿದ್ದಾರೆ. ಈ ಸಲ ತುರಿಯಲು ಕೂತಿದ್ದೇನೆ. ಅವಸರವೇನಿಲ್ಲ.